ಏಳನೆಯ ಬೆಟ್ಟ ಹೊತ್ತವನ ಮೊಮ್ಮಗ

ಪ್ಲೋವ್‌ದಿವ್ ಊರಿನ ಏಳನೆಯ ಬೆಟ್ಟವನ್ನು ಸ್ತಾಮೆನ್‌ನ ತಾತ ಒಂದೇ ಬೆಳಗ್ಗೆ ಬುಡಸಮೇತ ಕಿತ್ತು, ಹೆಗಲಿಗೇರಿಸಿಕೊಂಡು ಹೋಗಿ, ದಕ್ಷಿಣದ ರೊಡೋಪಿ ಪರ್ವತಸಾಲಿನ ನಡುವೆ ಇಟ್ಟು, ಮಧ್ಯಾಹ್ನದ ಹುರುಳಿಸೂಪು ಆರುವ ಮೊದಲೇ ಮನೆ ಸೇರಿದ್ದ. ದಾರಿಯಲ್ಲಿ ಹೆಗಲು ಬದಲಾಯಿಸಿದ್ದು ಒಂದೇ ಸಲ, ಅದೂ ಮೀಸೆ ತಿರುವಲು.

ಈ ಸಂಗತಿಯನ್ನು ಸ್ತಾಮೆನ್ ಇಪ್ಪತ್ತೆರಡು ವರ್ಷಗಳಿಂದ ಪ್ರವಾಸಿಗರಿಗೆ ಹೇಳುತ್ತ ಬಂದಿದ್ದ. ಊರು ತೋರಿಸುವುದು ಅವನ ಕಸುಬು. ಅವನ ಹೊಟ್ಟೆ ಎಂಥದೆಂದರೆ, ಬೀದಿಯ ತಿರುವಿನಲ್ಲಿ ಮೊದಲು ಅದು ಬರುತ್ತಿತ್ತು, ಜನ ಅದಕ್ಕೆ ನಮಸ್ಕಾರ ಹೇಳಿ ಮುಗಿಸುವ ಹೊತ್ತಿಗೆ ಹಿಂದಿನಿಂದ ಅವನು ಬರುತ್ತಿದ್ದ. ಆ ಹೊಟ್ಟೆಯ ಮೇಲೆ ಗೈಡುಗಳ ಸಂಘದ ಹಿತ್ತಾಳೆ ಬಿಲ್ಲೆ ತೂಗಾಡುತ್ತಿತ್ತು. ಬಿಲ್ಲೆಯಿಲ್ಲದ ಸ್ತಾಮೆನ್‌ನನ್ನು ಅವನ ಹೆಂಡತಿಯೂ ಗುರುತು ಹಿಡಿಯಲಾರಳು ಎಂಬುದು ಊರಿನ ಮಾತು.

ಆ ವಸಂತದಲ್ಲಿ ಬಿಲ್ಲೆಗೇ ಕುತ್ತು ಬಂತು. ಸಂಘದ ಮುಖ್ಯಸ್ಥೆ ರಾಲಿತ್ಸಾ, ವಯಸ್ಸಿನಲ್ಲಿ ಅವನ ಮಗಳಂಥವಳು, ಅವನನ್ನು ಕರೆದು ಕೂರಿಸಿದಳು. ಬೆಲ್ಜಿಯಂನಿಂದ ಫೆಮ್ಕೆ ಎಂಬ ಪತ್ರಕರ್ತೆ ಬರುತ್ತಿದ್ದಾಳೆ. ಯಾರೂ ಕಣ್ಣೆತ್ತಿ ನೋಡದ, ಆದರೆ ಎರಡು ದಿನದ ರಜೆಗೆ ಹೇಳಿ ಮಾಡಿಸಿದಂಥ ಹತ್ತು ಊರುಗಳ ಪಟ್ಟಿ ಬರೆಯುತ್ತಿದ್ದಾಳೆ. ಒಂಬತ್ತು ಊರು ತುಂಬಿವೆ. ಹತ್ತನೆಯದು ಪ್ಲೋವ್‌ದಿವ್ ಆಗಬೇಕು, ಇಲ್ಲವೇ ಸ್ಲೊವೇನಿಯಾದ ಮಾರಿಬೋರ್ ಪಾಲು. ಉಳಿದ ಗೈಡುಗಳೆಲ್ಲ ಶೀತಜ್ವರದಿಂದ ಮಲಗಿದ್ದರಿಂದ ಬೇರೆ ದಾರಿಯಿಲ್ಲ.

“ಬಾಯ್ ಸ್ತಾಮೆನ್,” ಎಂದಳು ಅವಳು, ಹಿರಿಯರನ್ನು ಕರೆಯುವ ‘ಬಾಯ್’ ಎಂಬ ಗೌರವ ಕೊಟ್ಟೇ, “ಈ ವರ್ಷ ನಿಮ್ಮ ಮೇಲೆ ಮೂರು ದೂರು ಬಂದಿವೆ. ಇನ್ನೊಂದು ಸುಳ್ಳು ಹೇಳಿದ್ದು ಗೊತ್ತಾದ್ರೆ ಬಿಲ್ಲೆ ಬಿಚ್ಚಿಡಿ. ಹೊಟ್ಟೆ ಮೇಲೆ ಬೇಕಾದ್ರೆ ಹೂಕುಂಡ ಇಟ್ಕೊಳ್ಳಿ.”

ಸ್ತಾಮೆನ್ ತಾಯಿಯ ಮೇಲೆ ಆಣೆಯಿಟ್ಟ. ತೊಂಬತ್ತರ ತಾಯಿ ಸುದ್ದಿ ತಿಳಿದು ಫೋನು ಮಾಡಿ, ಆಣೆಗೆ ಬೇರೆ ಯಾರನ್ನಾದರೂ ನೋಡಿಕೋ ಎಂದಳು.

ಫೆಮ್ಕೆ ಬಂದಳು. ಕಾಲಲ್ಲಿ ಬೆಟ್ಟ ಹತ್ತುವ ಬೂಟು, ಕೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಒಂದೇ ದಿನದಲ್ಲಿ ಏಳೂ ಬೆಟ್ಟ ಹತ್ತಬೇಕೆಂದಳು. ಪಾಪ, ಆಕೆಗೆ ಪ್ಲೋವ್‌ದಿವ್ ಗೊತ್ತಿರಲಿಲ್ಲ. ಆ ಊರಲ್ಲಿ ಅವಸರ ಮಾಡುವವನನ್ನು ಕಂಡರೆ ಜನ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸುತ್ತಾರೆ. ಪರಿಚಯದವನು ಕೂತು ಕಾಫಿ ಕುಡಿಯುತ್ತಿದ್ದರೆ ಅವನನ್ನು ದಾಟಿ ನಡೆಯುವುದು ಹಗೆ ಕಟ್ಟಿಕೊಂಡಂತೆ, ಮತ್ತು ಒಂದು ಕಾಫಿಯನ್ನು ಎರಡು ತಾಸಿನೊಳಗೆ ಮುಗಿಸುವುದು ಗಂಟಲಿಗೆ ಮಾಡುವ ಅವಮಾನ. ಸ್ತಾಮೆನ್‌ಗೆ ಊರೆಲ್ಲ ಪರಿಚಯ. ಬೆಳಗ್ಗೆ ಎಂಟಕ್ಕೆ ಹೊರಟವರು ಮಧ್ಯಾಹ್ನ ಎರಡಕ್ಕೆ ಇನ್ನೂರು ಗಜ ದೂರ ಬಂದಿದ್ದರು. ಫೆಮ್ಕೆಯ ಗಡಿಯಾರ ನಾಲ್ಕು ಸಲ ಬಡಿದುಕೊಂಡು, ಜೀವಂತ ಇದ್ದೀರಾ ಎಂದು ಕೇಳಿತು.

ಕೊನೆಗೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಅವನು ಬೆರಳು ಚಾಚಿ ತೋರಿಸಿದ. ಹಳೇ ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮೂರು, ಗಡಿಯಾರದ ಗೋಪುರ ಇರುವುದೊಂದು, ಕಲ್ಲಿನ ಸೈನಿಕ ನಿಂತಿರುವುದೊಂದು, ಮರ ತುಂಬಿದ ದೊಡ್ಡದೊಂದು. ಆರಾದವು. ಏಳನೆಯದೆಲ್ಲಿ ಎಂದು ಆಕೆ ಕೇಳಿದಳು.

ಸ್ತಾಮೆನ್ ಬಿಲ್ಲೆಯನ್ನು ಮುಟ್ಟಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ, ಇದ್ದದ್ದನ್ನು ಇದ್ದಂತೆ ಹೇಳಿದ. ಅದನ್ನು ಒಡೆದು ಬೀದಿಗಳಿಗೆ ಹಾಸಿದರು. ಅದಿದ್ದ ಜಾಗದಲ್ಲಿ ಈಗ ಬಟ್ಟೆಯಂಗಡಿಗಳ ಕಟ್ಟಡ ಇದೆ.

ಫೆಮ್ಕೆ ಪೆನ್ನಿನ ಮುಚ್ಚಳ ಹಾಕಿದಳು. “ಬೆಟ್ಟಾನ ಬೀದಿಗೆ ಹಾಸಿದ್ರಾ? ಅದರ ಮೇಲೆ ನಿಂತು ಜನ ಪ್ಯಾಂಟು ಅಳತೆ ನೋಡ್ತಾರಾ? ಏನ್ರೀ, ನಾನು ಮೂವತ್ತು ಊರಿನ ಗೈಡುಗಳನ್ನ ನೋಡಿದೀನಿ, ಇಷ್ಟು ಹಸಿ ಸುಳ್ಳು ಯಾರೂ ಹೇಳಿರ್ಲಿಲ್ಲ. ಇದನ್ನ ನಿಮ್ಮ ಸಂಘಕ್ಕೆ ತಿಳಿಸ್ಬೇಕಾಗುತ್ತೆ.”

ಸ್ತಾಮೆನ್ ಬೆವರಿದ ಬೆವರಿಗೆ ಮರಿತ್ಸಾ ನದಿ ಎರಡು ಬೆರಳು ಏರಿತಂತೆ. ನಿಜ ಹೇಳಿಯೇ ಬಿಲ್ಲೆ ಕಳೆದುಕೊಳ್ಳುವುದಾದರೆ ಈ ಲೋಕದಲ್ಲಿ ನ್ಯಾಯವೆಲ್ಲಿದೆ? ಅವನಿನ್ನೂ ಯೋಚಿಸುತ್ತಿದ್ದ, ನಾಲಗೆ ಆಗಲೇ ಹಳೆಯ ದಾರಿ ಹಿಡಿದಿತ್ತು. ತಾತ ಬಂದ, ಹೆಗಲು ಬಂತು, ಬೆಟ್ಟ ಎದ್ದಿತು. ಅಜ್ಜಿ ಬಾಗಿಲಲ್ಲಿ ನಿಂತು, ಒಗೆದ ಕೋಟಿಗೆ ಮಣ್ಣು ಮಾಡಿಕೊಂಡೆಯಲ್ಲೋ ಎಂದು ಬೈದದ್ದನ್ನೂ ಸೇರಿಸಿದ.

ಫೆಮ್ಕೆಯ ಕಣ್ಣು ಒದ್ದೆಯಾಯಿತು. “ಆ ಕೋಟಿನ ಮಾತು ಇದೆಯಲ್ಲ,” ಎಂದಳು, “ಅಂಥದ್ದನ್ನ ಯಾರಿಂದಲೂ ಹುಟ್ಟಿಸಿ ಹೇಳೋಕಾಗಲ್ಲ.” ಹನ್ನೊಂದು ಪುಟ ಬರೆದುಕೊಂಡಳು.

ಮರುದಿನ ಬೆಳಗ್ಗೆ ಅದೇ ಕಾಫಿ ಅಂಗಡಿಗೆ ರಾಲಿತ್ಸಾ ಒಂದು ತಟ್ಟೆ ತುಂಬ ಬಿಸಿ ಬಾನಿತ್ಸಾ ಹಿಡಿದುಕೊಂಡು ಬಂದಳು. ಗಿಣ್ಣಿನ ಆ ಪದರುರೊಟ್ಟಿಯನ್ನು ಅವಳು ಯಾರಿಗೂ ಸುಮ್ಮನೆ ಕೊಡಿಸಿದವಳಲ್ಲ. ಫೆಮ್ಕೆ ರಾತ್ರಿಯೇ ಲೇಖನ ಕಳಿಸಿದ್ದಾಳಂತೆ, ಪ್ಲೋವ್‌ದಿವ್‌ಗೆ ಹತ್ತನೆಯದಲ್ಲ, ಮೊದಲನೆಯ ಸ್ಥಾನ ಸಿಕ್ಕಿದೆಯಂತೆ. ಒಂದೂ ಸುಳ್ಳಿಲ್ಲದೆ ಇದನ್ನು ಸಾಧಿಸಿದಿರಲ್ಲ ಎಂದು ಅವನ ಕೆನ್ನೆಗೆ ಮುತ್ತಿಟ್ಟಳು. ಸ್ತಾಮೆನ್ ಆಗಲೇ ತನ್ನ ಪ್ರತಿಮೆಯನ್ನು ಯಾವ ಚೌಕದಲ್ಲಿ ನಿಲ್ಲಿಸಿದರೆ ಚೆಂದ ಎಂದು ಲೆಕ್ಕ ಹಾಕತೊಡಗಿದ್ದ.

ಅಷ್ಟರಲ್ಲಿ ಫೆಮ್ಕೆ ಬಂದಳು, ಹಿಂದೆ ಕ್ಯಾಮೆರಾ ಹೊತ್ತ ಒಬ್ಬ ಉದ್ದನೆಯವನು. ಕಾರು ಕಾಯುತ್ತಿದೆ, ಬೆಟ್ಟದ ಚಿತ್ರ ಬೇಕು, ಸಂಪಾದಕರು ಮುಖಪುಟಕ್ಕೇ ಹಾಕುತ್ತಾರೆ ಎಂದಳು. ಯಾವ ಬೆಟ್ಟ ಎಂದು ರಾಲಿತ್ಸಾ ಕೇಳಿದಳು. ಫೆಮ್ಕೆ ಹೇಳಿದಳು, ಮೀಸೆಯಿಂದ ಹಿಡಿದು ಕೋಟಿನ ಮಣ್ಣಿನವರೆಗೆ ಒಂದನ್ನೂ ಬಿಡದೆ.

ರಾಲಿತ್ಸಾ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. “ತೋರ್ಸಿ, ಬಾಯ್ ಸ್ತಾಮೆನ್. ನಾನೂ ನೋಡಿಲ್ಲ.”

ರೊಡೋಪಿಯಲ್ಲಿ ಬೆಟ್ಟಗಳಿಗೇನು ಬರವೇ? ಯಾವುದನ್ನು ತೋರಿಸಿದರೂ ನಡೆಯುತ್ತಿತ್ತು. ಸ್ತಾಮೆನ್ ಬೆರಳೆತ್ತಿದ. ಮುಖಪುಟದಲ್ಲಿ ಬೇರೆ ಯಾರದೋ ಬೆಟ್ಟ, ಕೆಳಗೆ ತಾತನ ಹೆಸರು, ಅದನ್ನು ಓದುವ ತೊಂಬತ್ತರ ತಾಯಿ, ಎಲ್ಲ ಕಣ್ಣಮುಂದೆ ಬಂತು. ಬೆರಳು ಇಳಿಸಿದ. ಬಿಲ್ಲೆ ಬಿಚ್ಚಿ ಕಾಫಿ ಬಟ್ಟಲಿನ ಪಕ್ಕ ಇಟ್ಟ.

“ನಿನ್ನೆ ಮೊದಲು ಹೇಳಿದ್ದೇ ನಿಜ, ತಾಯಿ,” ಎಂದ ಫೆಮ್ಕೆಗೆ. “ಬೆಟ್ಟ ಒಡ್ದಿದ್ದೂ ನಿಜ, ಬೀದಿಗೆ ಹಾಸಿದ್ದೂ ನಿಜ. ನಮ್ಮ ತಾತ ಅದರಿಂದ ಒಂದು ಚೂರು ಕಲ್ಲೂ ಎತ್ತಿದೋನಲ್ಲ. ಊರೆಲ್ಲ ಕಲ್ಲು ಒಡೀತಿದ್ದಾಗ ಅದೇ ಬೆಟ್ಟದ ನೆರಳಲ್ಲಿ ಕುರ್ಚಿ ಹಾಕ್ಕೊಂಡು ಕಾಫಿ ಕುಡೀತಿದ್ದ. ಬೆಟ್ಟ ಪೂರ್ತಿ ಖಾಲಿ ಆದ ದಿನ, ಬಿಸಿಲು ಬೀಳ್ತಿದೆ ಅಂತ ಗೊಣಗಿ ಆಚೆ ಮರದ ಕೆಳಗೆ ಹೋದ. ನಮ್ಮ ವಂಶದಲ್ಲಿ ಯಾರಾದ್ರೂ ಏನಾದ್ರೂ ಹೊತ್ತಿದ್ದಿದ್ರೆ ಅದು ಅವತ್ತಿನ ಆ ಕುರ್ಚಿ ಒಂದೇ.”