ಎತ್ತು ಕೊಟ್ಟು ತಂದ ಎಂಜಿನ್ನು

ನನ್ನ ಗಂಡ ಜಗದೇವಪ್ಪನವರಿಗೆ ಸಿಟ್ಟು ಬಂದರೆ ಮೊದಲು ಮೀಸೆ ಕುಣಿಯುತ್ತದೆ, ಆಮೇಲೆ ಆಣೆ ಹೊರಡುತ್ತದೆ. ಅದೂ ಅಂತಿಂಥ ಆಣೆಯಲ್ಲ, ನಮ್ಮೂರ ಗುಡಿಯ ಶರಣಬಸಪ್ಪನ ಆಣೆ. ಒಮ್ಮೆ ಬದನೆಕಾಯಿಯಲ್ಲಿ ಹುಳ ಸಿಕ್ಕಿತೆಂದು ಆಣೆ ಹಾಕಿದವರು ಇವತ್ತಿನವರೆಗೂ ಬದನೆಕಾಯಿ ಮುಟ್ಟಿಲ್ಲ. ನಾನು ಎಣ್ಣೆಗಾಯಿ ಮಾಡಿದ ದಿನ ಘಮ ಕುಡಿಯುತ್ತ ಒಣ ರೊಟ್ಟಿ ತಿನ್ನುತ್ತಾರೆ, ಆಣೆ ಮುರಿಯುವುದಿಲ್ಲ. ಅಂಥವರ ಜೊತೆ ಸಂಸಾರ ಮಾಡಿದವಳು ನಾನು, ಶಿವಕಾಂತಮ್ಮ. ನನಗೂ ಬಾಯಿ ಕಮ್ಮಿಯಿಲ್ಲ ಬಿಡಿ.

ನಮ್ಮ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ನಿಜಾಮರ ಸರಕಾರದ ಆ ದಿನಗಳಲ್ಲಿ ಮೋಟಾರು ಇದ್ದದ್ದು ದೊಡ್ಡ ದೊಡ್ಡ ಸಾಹೇಬರ ಹತ್ತಿರ ಮಾತ್ರ. ನಮ್ಮವರು ಯಾರೋ ಜಾಗೀರದಾರರು ಓಡಿಸಿ ಬೇಸತ್ತು ಮೂಲೆಗೆ ತಳ್ಳಿದ್ದ ಹಳೆಯ ಗಾಡಿ ತಂದು, ಹಿಂದೆ ಹಲಗೆ ಬಡಿಸಿ ಬಸ್ಸು ಮಾಡಿ, ಕಮಲಾಪುರಕ್ಕೆ ತಾವೇ ಓಡಿಸತೊಡಗಿದರು. ಹೋಗುವಾಗ ಜನ, ಬರುವಾಗ ಜನ ಮತ್ತು ಕೆಂಪು ಬಾಳೆಗೊನೆ. ಕಮಲಾಪುರ ನನ್ನ ತವರು. ಮೊದಲೆಲ್ಲ ಎತ್ತಿನ ಗಾಡಿಯಲ್ಲಿ ಹಗಲಿಡೀ ಧೂಳು ತಿಂದು ವರ್ಷಕ್ಕೊಮ್ಮೆ ಪಂಚಮಿಗೆ ಹೋದರೆ ಹೋದೆ. ಬಸ್ಸು ಬಂದ ಮೇಲೆ ಮನಸ್ಸಾದಾಗ ಹತ್ತಿ, ಅವ್ವನ ಹತ್ತಿರ ಹೊಟ್ಟೆ ತುಂಬ ಮಾತಾಡಿ ಸಂಜೆಗೆ ಮನೆ ಸೇರುತ್ತಿದ್ದೆ. ಇದಕ್ಕಿಂತ ಸುಖ ನನಗೆ ಬೇರೆ ಬೇಕಿರಲಿಲ್ಲ.

ಬಸ್ಸು ನಿಲ್ಲುತ್ತಿದ್ದುದೂ ಅವ್ವನ ಬಾಗಿಲ ಮುಂದೆಯೇ. ನಮ್ಮವರು ಇಳಿದವರೇ, "ಅತ್ತೀ, ಗಾಡಿಗೆ ಒಂದೀಟು ನೀರು ಹಾಕ್ರಿ" ಎಂದು ಹೇಳಿ ಊಟಕ್ಕೆ ಒಳಗೆ ನಡೆಯುತ್ತಿದ್ದರು. ಅವ್ವ ಚಂದಮ್ಮ ಬಿಂದಿಗೆ ಹಿಡಿದು ಬಂದು ಎಂಜಿನ್ನಿನ ಮುಂದಿನ ನೀರಿನ ಡಬ್ಬಿ ತುಂಬಿಸುತ್ತಿದ್ದಳು. ಎಂಜಿನ್ನು ಕಾಯದಂತೆ ನೋಡಿಕೊಳ್ಳುವುದು ಆ ನೀರಿನ ಕೆಲಸ.

ಒಂದು ಮಧ್ಯಾಹ್ನ ಬಸ್ಸು ಕಮಲಾಪುರ ದಾಟಿ ಸ್ವಲ್ಪ ದೂರ ಬಂದದ್ದೇ ತಡ, ಬುಸ್ ಎಂದು ಹೊಗೆ ಉಗುಳಿ, ಗಡಗಡ ನಡುಗಿ ನಿಂತುಬಿಟ್ಟಿತು. ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಎತ್ತುಗಳನ್ನೇ ಕಟ್ಟಿ ಅದನ್ನು ನಮ್ಮೂರಿನ ಮೋಮಿನಪುರಕ್ಕೆ, ಮೋಟಾರು ರಿಪೇರಿಯ ಹುಸೇನನ ಕಾರ್ಖಾನೆಗೆ ಎಳೆಸಿಕೊಂಡು ಬಂದರು. ಕಾರ್ಖಾನೆ ಎಂದರೆ ಒಂದು ಬೇವಿನ ಮರ, ಒಂದು ತಗಡಿನ ಚಪ್ಪರ. ವಿಷಯ ಕೇಳಿ ನಾನೂ ಓಡಿದೆ.

ಹುಸೇನ ನೀರಿನ ಕೊಳವೆ ಬಿಚ್ಚಿದ. ಒಳಗಿಂದ ಕಪ್ಪಗೆ, ಅಂಟಂಟಾಗಿ ಏನೋ ಇಳಿಯಿತು. ಬೆರಳಿಗೆ ಹಚ್ಚಿ ಮೂಸಿದ, ನಾಲಿಗೆಗೆ ಮುಟ್ಟಿಸಿದ, ಕಣ್ಣು ದೊಡ್ಡದು ಮಾಡಿದ.

"ಯಾ ಅಲ್ಲಾ! ಬೆಲ್ಲ ಅದಲ್ರೀ ಇದು! ಭಾಳ ದಿನದಿಂದ ಕುಡಿಸ್ಯಾರ. ಪಾಕ ಗಟ್ಟಿಯಾಗಿ ದಾರಿ ಕಟ್ಟಿ, ನೀರು ಆಡದೆ ಎಂಜಿನ್ನು ಸುಟ್ಟು ಸೀಳ್ಯಾದ." ಮತ್ತೊಮ್ಮೆ ಚಪ್ಪರಿಸಿದ. "ಯಾಲಕ್ಕಿನೂ ಹಾಕ್ಯಾರ!"

ಯಾಲಕ್ಕಿ ಎಂದೊಡನೆ ನನಗೆ ಗೊತ್ತಾಗಿಹೋಯಿತು. ನಮ್ಮ ತವರಿನಲ್ಲಿ ಬಾಗಿಲಿಗೆ ಬಂದವರಿಗೆ ಬರೀ ನೀರು ಕೊಟ್ಟದ್ದು ನಾನು ಕಂಡೇ ಇಲ್ಲ. ಭಿಕ್ಷೆಗೆ ಬಂದವರಿಗೂ ಬೆಲ್ಲದ ಚೂರು ಇಟ್ಟೇ ನೀರು. ಬಿಸಿಲು ಜೋರಿದ್ದರೆ ಅವ್ವ ಬೆಲ್ಲ ಕರಗಿಸಿ ಯಾಲಕ್ಕಿ ಕುಟ್ಟಿ ಹಾಕುತ್ತಾಳೆ. ಮೋಟಾರೂ ಪಾಪ ಬಿಸಿಲಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತದ್ದಲ್ಲವೇ! ವೈರಿಗಳು ಎಂಜಿನ್ನಿಗೆ ಬೆಲ್ಲ ಹಾಕಿಯಾರು, ಯಾಲಕ್ಕಿ ಹಾಕುವವಳು ನನ್ನವ್ವ ಒಬ್ಬಳೇ.

ನಾನು ಬಾಯಿ ತೆರೆಯುವುದರೊಳಗೆ ಮೀಸೆ ಕುಣಿದಾಗಿತ್ತು.

"ನನ್ನ ಹೊಟ್ಟಿಮ್ಯಾಲ ಕಲ್ಲು ಹಾಕ್ಯಾರ! ಇದನ್ನ ಕುಡಿಸಿದವರು ಯಾರೇ ಇರ್ಲಿ, ಶರಣಬಸಪ್ಪನ ಆಣಿ, ಅವರ ಮಾರಿ ನೋಡಂಗಿಲ್ಲ. ಅವರ ಮನಿ ಹೊಸ್ತಿಲಾ ನಾನೂ ತುಳ್ಯಂಗಿಲ್ಲ, ನನ್ನ ಹೆಂಡ್ತೀನೂ ತುಳ್ಯಂಗಿಲ್ಲ!"

ಆಣೆ ಅವರದು, ಕಾಲು ನನ್ನವು! ಇದ್ಯಾವ ನ್ಯಾಯ? ದಾರಿಯುದ್ದಕ್ಕೂ ನೀರು ಹಾಕುವವರು ಹಲವರಿದ್ದುದರಿಂದ ಅವರಿಗೆ ಅತ್ತೆಯ ಮೇಲೆ ಅನುಮಾನ ಬಂದಿರಲಿಲ್ಲ. ಅವ್ವನ ಹೆಸರು ಹೇಳಿದರೆ ಅವತ್ತಿಗೇ ತವರಿನ ಬಾಗಿಲು ಮುಚ್ಚಿದಂತೆ. ತುಟಿ ಹೊಲಿದುಕೊಂಡು ನಿಂತೆ. ಅವ್ವನಿಗೆ ಸುದ್ದಿ ಕಳಿಸೋಣವೆಂದರೆ ಯಾರ ಬಾಯಲ್ಲಿ? ಅದು ಸುತ್ತಿ ಬಳಸಿ ಮೊದಲು ಇವರ ಕಿವಿಯನ್ನೇ ಮುಟ್ಟುತ್ತಿತ್ತು.

"ಈ ಎಂಜಿನ್ನು ಮುಗೀತು. ಬ್ಯಾರೇನೇ ಕೂಡಿಸಬೇಕು" ಎಂದ ಹುಸೇನ. ಬೊಂಬಾಯಿಯಿಂದ ತರಿಸುವ ಶಕ್ತಿ ನಮಗೆಲ್ಲಿಯದು? ನಮ್ಮವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಹುಸೇನನೇ ದಾರಿ ತೋರಿಸಿದ. ಹಿಂದಿನ ಓಣಿಯ ಇಕ್ಬಾಲ್ ಬೇಗಂ ಅವರ ತೋಟದ ಬಾವಿಯಿಂದ ನೀರೆತ್ತುವುದು ಇದೇ ಜಾತಿಯ ಮೋಟಾರಿನ ಎಂಜಿನ್ನಂತೆ. ಅವರ ಯಜಮಾನರು ತೀರಿಕೊಂಡ ಮೇಲೆ ಕಾರು ಬಿಚ್ಚಿ ಬಾವಿಗೆ ಹಚ್ಚಿದ್ದರಂತೆ. ಹೆಣ್ಣುಮಕ್ಕಳ ಹತ್ತಿರ ಹೆಣ್ಣುಮಕ್ಕಳೇ ಮಾತಾಡಲೆಂದು ನಾನೇ ಹೋದೆ.

"ಒಯ್ಯಿ ಬೇಟಿ" ಎಂದರು ಬೇಗಂ. "ಈ ಶೈತಾನ ಧಡಧಡಾ ಬಡ್ಕೊಂಡ್ರ ನಂಗ ಅಜಾನ್ ಸೈತ ಕೇಳ್ಸಲ್ಲ. ಖರೇ, ನನ್ನ ತೋಟಕ್ಕ ನೀರು ಯಾರು ಎಳೀತಾರ? ನಿನ್ನ ಹತ್ರ ಎತ್ತು ಅದಾವಲ್ಲ, ಅವು ಕೊಡು."

ಬಸ್ಸು ಕೆಟ್ಟರೂ ಎತ್ತಿನ ಗಾಡಿಯಾದರೂ ಇದೆ, ವರ್ಷಕ್ಕೊಮ್ಮೆಯಾದರೂ ಅವ್ವನ ಮುಖ ನೋಡಿಯೇನು ಎಂದುಕೊಂಡಿದ್ದೆ. ಅದನ್ನೂ ಕೊಟ್ಟು, ಈ ಎಂಜಿನ್ನೂ ಕೈಕೊಟ್ಟರೆ? ಆದರೆ ತಲೆಯ ಮೇಲೆ ಕೈ ಹೊತ್ತು ಕೂತ ಗಂಡನ ಮುಖ ನೆನಪಾಯಿತು. "ಆಗ್ಲಿರಿ" ಎಂದುಬಿಟ್ಟೆ.

ಬೇವಿನ ಟೊಂಗೆಗೆ ಬಾವಿಯ ರಾಟೆ ಬಿಗಿದು, ಹಗ್ಗ ಹಾಕಿ, ಅದೇ ಎತ್ತುಗಳಿಂದ ಎಳೆಸಿ ಹಳೆಯ ಎಂಜಿನ್ನನ್ನು ಮೇಲೆತ್ತಿದರು. ಬೇಗಂ ಅವರ ಎಂಜಿನ್ನು ಅದರ ಜಾಗದಲ್ಲಿ ಇಳಿಯಿತು. ಹುಸೇನ ಮುಂದಿನ ಡಬ್ಬಿಯನ್ನೂ ಕುದಿಯುವ ನೀರಿನಲ್ಲಿ ತೊಳೆದು ತೊಳೆದು ಬೆಲ್ಲ ಬಿಡಿಸಿದ. ಹಿಡಿಕೆ ತಿರುವಿದರೆ ಬಸ್ಸು ಒಂದೇ ಸಲಕ್ಕೆ ಗುರ್ರೆಂದಿತು! ಓಣಿಯ ಜನವೆಲ್ಲ ಚಪ್ಪಾಳೆ ಹೊಡೆದರು. ಎತ್ತುಗಳು ಬೇಗಂ ಅವರ ಆಳಿನ ಹಿಂದೆ ನಡೆದುಹೋದವು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಮರುದಿನದ ಮೊದಲ ಸವಾರಿಗೆ ಹಠ ಮಾಡಿ ನಾನೂ ಹತ್ತಿದೆ. ಬಸ್ಸು ನಿಲ್ಲುತ್ತಲೇ ಜಿಗಿದು ಅವ್ವನ ಬಾಯಿಗೂ ಬಿಂದಿಗೆಗೂ ಕೈ ಅಡ್ಡ ಹಿಡಿಯಬೇಕೆಂಬುದು ನನ್ನ ಲೆಕ್ಕಾಚಾರ. ಆದರೆ ಬಸ್ಸಿನ ಸದ್ದು ದೂರದಿಂದಲೇ ಕೇಳಿ ಅವ್ವ ಆಗಲೇ ದಾರಿಗೆ ಬಂದು ನಿಂತಿದ್ದಳು.

"ಬಂದ್ಯಾ ನನ್ನಪ್ಪಾ!" ಎಂದಳು, ನಮಗಲ್ಲ, ಬಸ್ಸಿಗೆ. "ಇಷ್ಟು ದಿನ ಜಡ್ಡಾಗಿತ್ತೇನು? ತಡಿ, ಇವತ್ತ ಬೆಲ್ಲ ಜಾಸ್ತಿ ಹಾಕೀನಿ, ಶಕ್ತಿ ಬರ್ತದ."

ನಮ್ಮವರು ಗಾಡಿ ತಿರುಗಿಸುವ ಚಕ್ರದ ಮೇಲಿನ ಕೈ ತೆಗೆಯಲಿಲ್ಲ. ಮೀಸೆ ಕುಣಿಯಲಿಲ್ಲ. ಮುಖದ ಬಣ್ಣ ಮಾತ್ರ ಇಳಿಯಿತು. ನಿಧಾನಕ್ಕೆ ಮುಖ ಆಚೆ ತಿರುಗಿಸಿಕೊಂಡರು.

"ಆಣಿ ಹಾಕೀನಿ, ಶಿವಕಾಂತಾ" ಎಂದರು. ದನಿ ಸಣ್ಣದಾಗಿತ್ತು.

ನನ್ನ ಸಿಟ್ಟೆಲ್ಲ ಒಮ್ಮೆಲೇ ಒಡೆಯಿತು. ಬಸ್ಸಿನ ಜನ ಕೇಳಲಿ ಬಿಡಲಿ, ಕೂಗಿದೆ. "ಈ ಮನಿಗಿ ಬರಬೇಕಂತ ನನ್ನಪ್ಪ ಕೊಟ್ಟ ಎತ್ತು ಕೊಟ್ಟೀನ್ರಿ! ಈಗ ಬಾಗಿಲದಾಗ ನಿಂತು ಹೊಳ್ಳಿ ಹೋಗ್ಲೇನು? ನಿಮ್ಮ ಆಣಿಗಿ ನನ್ನವ್ವನ ಕೊಡಬೇಕೇನು?"

ಅವ್ವ ಬಿಂದಿಗೆ ಕೆಳಗಿಟ್ಟಳು. ಏನಾಯಿತೆಂದು ಕೇಳಿದಳು. ಅಳುತ್ತಲೇ ಎಲ್ಲ ಹೇಳಿದೆ. ಅವಳ ಮುಖ ಸಣ್ಣದಾಯಿತು. "ನಾನೇ ಕೊಂದ್ನೇನವ್ವಾ ಅದನ್ನ?" ಎಂದು ಬಸ್ಸಿನ ಮೂತಿ ಸವರಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಆಣಿ ಯಾರ ಹೊಸ್ತಿಲಕ್ಕ ಹಾಕ್ಯಾರ ಅಳಿಯಂದಿರು?"

"ನಿಂದಕ್ಕ."

"ತಮ್ಮ ಮನಿ ಹೊಸ್ತಿಲಕ್ಕ ಏನೂ ಹಾಕಿಲ್ಲಲ್ಲ?"

ಉತ್ತರಕ್ಕೂ ಕಾಯದೆ ಅವ್ವ ಒಳಗೆ ಹೋದಳು. "ಒಲಿ ಕಡೆ ಲಕ್ಷ್ಯ ಇರ್ಲಿ" ಎಂದು ಸೊಸೆಗೆ ಹೇಳಿದ್ದು ಕೇಳಿಸಿತು. ಬಗಲಲ್ಲಿ ಒಂದು ಗಂಟು ಇಟ್ಟುಕೊಂಡು ಹೊರಬಂದವಳೇ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು. ಮಗಳನ್ನು ಕೊಟ್ಟ ಮನೆಯಲ್ಲಿ ನೀರು ಸಹ ಕುಡಿಯಬಾರದೆಂದು ನನ್ನ ಬಾಣಂತನಕ್ಕೂ ಕಲಬುರಗಿಗೆ ಬರದವಳು ಅವಳು! ನೇರ ಬಂದು ಅಳಿಯನ ಬೆನ್ನ ಹಿಂದೆ ಕೂತಳು.

"ಅತ್ತೀ, ಮಾರಿ ನೋಡಂಗಿಲ್ಲಂತನೂ ಅಂದೀನ್ರಿ" ಎಂದರು ಇವರು, ಮುಂದೆ ನೋಡುತ್ತಲೇ.

"ಗಾಡಿ ಹೊಡ್ಯಾವ್ರು ಹಿಂದ ಯಾಕ ನೋಡ್ಬೇಕ್ರೀ? ದಾರಿ ನೋಡಿ ಹೊಡೀರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಇವರ ಹೆಗಲು ಕುಲುಕಿದ್ದು ನೋಡಿ ಇವರೂ ನಗುತ್ತಿದ್ದಾರೆಂದುಕೊಂಡೆ. ಪಕ್ಕಕ್ಕೆ ಬಾಗಿ ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದರು. ಕಲಬುರಗಿಯವರೆಗೂ ಅವ್ವ ನನ್ನ ಕೈಯನ್ನು ಉಗುರು ನೆಡುವಷ್ಟು ಬಿಗಿಹಿಡಿದಿದ್ದಳು. ಎಂಜಿನ್ನು ಎಲ್ಲೂ ಕೆಮ್ಮಲಿಲ್ಲ.

ಬ್ರಹ್ಮಪುರದಲ್ಲಿ ಇವರು ನಮಗಿಂತ ಮೊದಲು ಒಳಗೆ ಓಡಿದರು. ನಾವು ಬಾಗಿಲಿಗೆ ಬಂದಾಗ ಗೋಡೆಗೆ ಮುಖ ಮಾಡಿ ನಿಂತು, ತುಂಬಿದ ತಂಬಿಗೆಯನ್ನು ಹಿಂದಕ್ಕೆ ಚಾಚಿದ್ದರು.

"ಕಾಲು ತೊಳ್ಕೊಂಡು ಒಳಗ ಬರ್ರಿ, ಅತ್ತೀ."

ಅವ್ವ ಕಾಲು ತೊಳೆದು, ಬಲಗಾಲಿಟ್ಟು ನನ್ನ ಹೊಸ್ತಿಲು ದಾಟಿದಳು. ಸೀದಾ ಅಡುಗೆಮನೆಗೆ ನಡೆದು ಸುತ್ತಲೂ ಕಣ್ಣಾಡಿಸಿ, "ಇದೇನ ಶಿವಕಾಂತಾ, ಒಲಿ ಮುಂದ ಇಷ್ಟು ಬೂದಿ ಬಿಟ್ಟೀದಿ?" ಎಂದು ಬೈಯಲು ಶುರು ಮಾಡಿದಳು. ನನ್ನ ಸ್ವಂತ ಮನೆಯಲ್ಲಿ ಅವ್ವನ ಕೈಲಿ ಬೈಸಿಕೊಳ್ಳುತ್ತ ನಾನು ಬಾಗಿಲಿಗೆ ಒರಗಿ ನಿಂತೆ. ಇನ್ನಷ್ಟು ಬೈಯಲಿ ಅನ್ನಿಸಿತು.