ಎಂಜಿನ್ ಮೇಲಿನ ವಿಭೂತಿ

ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದ ಬಸವಾಪಟ್ಟಣದ ಮುರುಗೇಶಪ್ಪನಿಗೆ ಒಂದೇ ಒಂದು ಜಂಬವಿತ್ತು: ಅವನ ಕೈಯಲ್ಲಿ ಗಾಡಿ ಎಂದೂ ನಡುದಾರಿಯಲ್ಲಿ ನಿಂತದ್ದಿಲ್ಲ. ನಿವೃತ್ತನಾದ ಮೇಲೆ ಹೊಸ ಕಾರು ಕೊಂಡ. ಹದಿನಾರನೆಯ ದಿನವೇ ಅದು ಹೊನ್ನಾಳಿ ಸೇತುವೆಯ ನಟ್ಟನಡುವೆ, ಹಿಂದೆ ಲಾರಿ ಬಾಯಿ ಬಡಿದುಕೊಳ್ಳುತ್ತಿರುವಾಗ, ಕೆಮ್ಮಿ ನಿಂತುಬಿಟ್ಟಿತು. ನ್ಯಾಮತಿಯ ಮಗಳ ಮನೆಗೆ ಜೊತೆಯಲ್ಲಿ ಹೊರಟಿದ್ದ ಹೆಂಡತಿ ಕಲ್ಲಮ್ಮ ಇಳಿದು ಬಸ್ಸು ಹತ್ತಿದಳು. ಮತ್ತೆಂದೂ ಆ ಕಾರಿನಲ್ಲಿ ಕೂರಲಿಲ್ಲ.

"ಹೊಸ ಗಾಡಿ ಹೆಂಗ್ ಕೆಡ್ತೈತ್ರೀ? ನಿಮ್ದು ಬಸ್ಸಿನ ಕೈ. ಕಾರು ಓಡ್ಸಾಕೆ ಬರಲ್ಲ ನಿಮಗೆ" ಎಂದಳು.

ಆ ಮಾತು ಅವನ ಎದೆಗೆ ನಾಟಿತು. ದೋಷ ಕಾರಿನದೇ ಎಂದು ಯಾರಾದರೂ ಕಾಗದದ ಮೇಲೆ ಬರೆದುಕೊಡಬೇಕು, ಅದನ್ನು ಕಲ್ಲಮ್ಮನ ಮುಂದೆ ಗಟ್ಟಿಯಾಗಿ ಓದಬೇಕು. ಕಾರು ಬದಲಾಗುವುದಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಾದದ್ದು ಇದು.

ಷೋರೂಮಿನ ಸರ್ವೀಸ್ ನೋಡಿಕೊಳ್ಳುವ ಗುರುಬಸವರಾಜ್ ಚನ್ನಗಿರಿಯವನು, ಬೀಗರ ಕಡೆಯ ದೂರದ ನೆಂಟ. ದೂರು ಬರೆದುಕೊಳ್ಳುವ ಜಾಬ್ ಕಾರ್ಡ್ ಕೇಳಿದರೆ, "ಕಾರ್ಡು ಗೀರ್ಡು ಯಾಕೆ ಮಾವ, ನಾವೇನ್ ಹೊರಗಿನೋರಾ?" ಎನ್ನುತ್ತಿದ್ದ. ಹಾಗೆ, ಗಾಡಿ ನಿಂತಾಗಲೆಲ್ಲ, ಒಂದಕ್ಷರ ಬರೆಯದೆ ಮೂರು ಸಲ ಕಾರು ಬಿಚ್ಚಿ, ಮುಚ್ಚಿ, ಟೀ ಕುಡಿಸಿ ಕಳಿಸಿದ. ಮುರುಗೇಶಪ್ಪ ಹಿಗ್ಗಿದ. ನೆಂಟ ಕೊಟ್ಟ ಟೀ ಕುಡಿದು ರಸೀದಿ ಕೇಳಲು ಯಾರಿಗೆ ತಾನೇ ಬಾಯಿ ಬರುತ್ತದೆ?

ಕಾರು ಮತ್ತೆರಡು ಸಲ ನಿಂತಿತು. ಗುರುಬಸವರಾಜ್ ಫೋನ್ ಎತ್ತುವುದನ್ನೇ ಬಿಟ್ಟ.

"ಗ್ರಾಹಕರ ಕಾನೂನು ಗಟ್ಟಿ ಐತೆ. ಆದ್ರೆ ಅದಕ್ಕೆ ಕಾಗದ ಬೇಕಲ್ರೀ" ಎಂದರು ವಕೀಲ ಜಯದೇವಪ್ಪ. ಕಾಗದ ಇರಲಿಲ್ಲ. ಕಾರನ್ನು ಜೋಪಾನ ಮಾಡಿದ್ದಕ್ಕೆ ಏನಾದರೂ ಸಾಕ್ಷಿ ಉಂಟೇ ಎಂದು ಕೇಳಿದ್ದೇ ತಡ, ಮುರುಗೇಶಪ್ಪ ಉಬ್ಬಿಹೋಗಿ ಮೊಬೈಲ್ ತೆಗೆದ. ಆಯುಧಪೂಜೆಯ ಫೋಟೋ. ಬಾನೆಟ್ ಎತ್ತಿ, ಎಂಜಿನ್ನಿಗೆ ಕೊಡದಲ್ಲಿ ನೀರು ಹೊಯ್ದು ತೊಳೆದಾಗಿದೆ. ಕಲ್ಲಮ್ಮ ಬಗ್ಗಿ ಅದರ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದಾಳೆ. ಕಾರು ಹತ್ತಲೊಲ್ಲದವಳು, ಗಂಡನಿಗೆ ಏನೂ ಆಗದಿರಲಿ ಎಂದು ಪೂಜೆಗೆ ಮಾತ್ರ ಬಂದಿದ್ದಳು.

"ಮಗಳಂಗೆ ನೋಡ್ಕೊಂಡೀವಿ. ಇನ್ನೇನ್ ಬೇಕ್ರೀ?"

ವಕೀಲರು ಕನ್ನಡಕ ಒರೆಸಿಕೊಂಡು ಮೊಬೈಲನ್ನು ವಾಪಸು ಚಾಚಿದರು. ಇವನೇ ಹಟ ಹಿಡಿದು ಆ ಫೋಟೋವನ್ನು ಫೈಲಿಗೆ ಸೇರಿಸಿದ.

ಒಂದೂವರೆ ವರ್ಷ ದಾವಣಗೆರೆಯ ಗ್ರಾಹಕ ನ್ಯಾಯಾಲಯಕ್ಕೆ ತಿರುಗಿದ. ಕೊನೆಗೆ ಕಂಪನಿಯ ವಕೀಲ ಎತ್ತಿ ಹಿಡಿದದ್ದು ಅದೇ ಫೋಟೋವನ್ನು. ವೈರುಗಳಿಗೆ ನೀರು, ಬೂದಿ ಹೊಕ್ಕಿದೆ. ಮಾಲೀಕರ ಮನೆಯವರೇ ಕೆಡಿಸಿದ್ದಾರೆ ಎಂದ.

"ಪೂಜೆಗಿಂತ ಮುಂಚೇನೇ ಮೂರು ಸಲ ನಿಂತೈತೆ ಸ್ವಾಮಿ!" ಎಂದು ಮುರುಗೇಶಪ್ಪ ಕೂಗಿದ.

ನ್ಯಾಯಾಧೀಶರು ದಾಖಲೆ ಕೇಳಿದರು. ಕುಡಿದ ಟೀಗೆ ದಾಖಲೆ ಎಲ್ಲಿಂದ ತರುವುದು? ತಯಾರಿಕೆಯ ದೋಷ ಸಾಬೀತಾಗಿಲ್ಲ, ಮನೆಯವರು ಹಾಕಿದ ನೀರು, ವಿಭೂತಿಯಿಂದಲೇ ಎಂಜಿನ್ ಕೆಟ್ಟಿದೆ ಎಂದು ಆದೇಶದಲ್ಲಿ ಬರೆದು, ದೂರು ವಜಾ ಆಯಿತು.

"ಅಪೀಲು ಹಾಕಬೌದು. ಆದ್ರೆ ಹೊಸದಾಗಿ ತೋರ್ಸಾಕೆ ಏನೈತೆ?" ಎಂದು ಜಯದೇವಪ್ಪ ಫೈಲು ಕಟ್ಟಿದರು.

ಸಂಜೆ ಬಸ್ಸಿಳಿದು ಮನೆಗೆ ಬಂದ. ಕಲ್ಲಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಬೆರಳುಗಳು ಹಸಿರಾಗಿದ್ದವು.

"ಏನಂತ ಬರ್ದಾರ್ರೀ?"

ಆದೇಶ ಜೇಬಿನಲ್ಲಿತ್ತು. ಇದ್ದದ್ದನ್ನು ಇದ್ದ ಹಾಗೆ ಓದಿದರೆ ಇವಳು ಸಾಯುವವರೆಗೂ ಆ ಮೂರು ಬೆರಳನ್ನು ಶಪಿಸಿಕೊಳ್ಳುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಕಾಗದ ಹೊರಗೆ ತೆಗೆಯದೆ ಜಗುಲಿಯ ಅಂಚಿಗೆ ಕುಳಿತ.

"ಗಾಡಿ ಸರಿ ಐತಂತೆ. ನನಗೇ ಓಡ್ಸಾಕೆ ಬರಲ್ವಂತೆ" ಎಂದ.

ಕಲ್ಲಮ್ಮ ಸುಲಿಯುವ ಕೈ ನಿಲ್ಲಿಸಲಿಲ್ಲ.

"ನಾನು ಮೊದ್ಲೇ ಹೇಳಿದ್ನಲ್ರೀ. ಹೋಗ್ಲಿ ಬಿಡ್ರಿ, ಕೈಕಾಲು ತೊಳ್ಕೊಳ್ರಿ" ಎಂದಳು.