ನಿಂತೇ ದುಡಿಯುವ ಯಜಮಾನ

ಲಾಂಡ್ರಿಯ ಯಜಮಾನನ ಕೋಣೆಯಲ್ಲಿ ಕುರ್ಚಿಯೇ ಇಲ್ಲ. ಎದೆಮಟ್ಟದ ಮೇಜಿನ ಮುಂದೆ ನಿಂತೇ ಅವನು ಫೋನು ಮಾಡುತ್ತಾನೆ, ಚೆಕ್ಕಿಗೆ ಸಹಿ ಹಾಕುತ್ತಾನೆ, ಚಹಾ ಕುಡಿಯುತ್ತಾನೆ. ನಾಲ್ಕು ಜನ ಸಿಕ್ಕಲ್ಲಿ ಇದನ್ನು ಕೊಚ್ಚಿಕೊಳ್ಳುವುದೂ ಉಂಟು: "ನಮ್ಮ ಹೆಂಗಸರು ನಿಂತು ಕೆಲಸ ಮಾಡುವಾಗ ನಾನು ಕೂತ್ರೆ ಗಂಟಲಲ್ಲಿ ತುತ್ತು ಇಳಿಯುತ್ತಾ?" ಕೇಳಿದವರು ತಲೆದೂಗುತ್ತಾರೆ. ಅವನ ಹೆಂಡತಿ ಮಾತ್ರ ಈ ಪುರಾಣ ಶುರುವಾದರೆ ಕೈ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಾಳೆ.

ಅವನ ಸ್ವಂತ ಅಕ್ಕ ಅದೇ ಲಾಂಡ್ರಿಯಲ್ಲಿ ಹೋಟೆಲುಗಳ ಹಾಸುಬಟ್ಟೆ, ದಿಂಬಿನ ಚೀಲ ಮಡಚುವವಳು. ಗಂಡ ತೀರಿಕೊಂಡ ಮೇಲೆ ಅವಳ ಮನೆ ನಡೆಯುವುದೇ ಆ ಸಂಬಳದಿಂದ. ಅಂಥವಳು, "ಕಣ್ಣು ಮಂಜಾಗ್ತಿದೆ, ಇನ್ನು ಬರಲ್ಲ" ಎಂದು ಸೂಪರ್‌ವೈಸರ್ ಕೈಲಿ ಹೇಳಿಕಳಿಸಿದಳು. ತಮ್ಮನಿಗೆ ಸಿಟ್ಟು ನೆತ್ತಿಗೇರಿತು. ಒಡಹುಟ್ಟಿದವನನ್ನು ಬಿಟ್ಟು ಸೂಪರ್‌ವೈಸರ್‌ಗೆ ಹೇಳುವುದೆಂದರೇನು? ಸಂಜೆ ಸೀದಾ ಅವಳ ಮನೆಗೆ ಹೋದ.

ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಒಂದು ಕಾಲಿಟ್ಟುಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಒಂದೇ ಸಲಕ್ಕೆ ಪೋಣಿಸಿದಳು. ಕಣ್ಣಿನ ವಿಷಯ ಕೇಳಬೇಕೆಂದು ಬಂದವನ ದೃಷ್ಟಿ ಅವಳ ಇನ್ನೊಂದು ಕಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ನೀಲಿಗಟ್ಟಿದ್ದವು. ಹಿಮ್ಮಡಿಯ ಮೇಲೆ ಒಂದು ಹುಣ್ಣು ಬಾಯಿ ಬಿಟ್ಟಿತ್ತು.

"ಏನಕ್ಕಾ ಇದು? ಒಂದು ಸ್ಟೂಲು ಕೇಳೋಕೆ ಏನಾಗಿತ್ತು ನಿಂಗೆ? ನಾನೇನು ಹೊರಗಿನವನಾ?"

"ಕೇಳಿದ್ದೆ ಕಣೋ."

"ಯಾವಾಗ?"

"ನಿನ್ನ ಕುರ್ಚಿ ಹೊರಗೆ ಹಾಕ್ಸಿದ್ಯಲ್ಲ, ಅದರ ಹಿಂದಿನ ದಿನ."

ನೆನಪಾಯಿತು. ಮಡಚುವವರಿಗೆಲ್ಲ ಸ್ಟೂಲು ಬೇಕೆಂದು ಅವಳು ಬಂದು ಕೇಳಿದ್ದಳು. ಇವನು ಮರುದಿನ ಎಲ್ಲರನ್ನೂ ಸೇರಿಸಿ, ತನ್ನ ಕುರ್ಚಿಯನ್ನು ಹೊರಗೆ ಹೊರಿಸಿ, ಇಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ ಎಂದು ಭಾಷಣ ಬಿಗಿದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಕ್ಕನೂ ತಟ್ಟಿದ್ದಳು.

"ಆಮೇಲೆ ಯಾರು ಬಾಯಿ ಬಿಡ್ತಾರೆ? ನಮ್ಮಲ್ಲೊಬ್ಳು ಬಸುರಿ ಹುಡುಗಿ ಇದಾಳೆ, ಅವಳೂ ಕೇಳಲ್ಲ. ಯಜಮಾನ್ರೇ ನಿಂತಿದಾರೆ, ನಿಮಗೇನು ದಾಡಿ ಅಂತಾನೆ ಸೂಪರ್‌ವೈಸರ್. ತಡೆಯೋಕಾಗದೆ ಇದ್ರೆ ಸರದಿ ಮೇಲೆ ಟಾಯ್ಲೆಟ್ಟಿಗೆ ಹೋಗಿ ಕೂತು ಬರ್ತೀವಿ. ಹೆಂಗಸರು ಅಷ್ಟೊತ್ತು ಒಳಗೇನು ಮಾಡ್ತಾರೆ ಅಂತ ಅದಕ್ಕೂ ನೀನು ರೇಗಿದೆ."

ಜನರೆದುರು ಹೇಳಿಕೊಂಡ ತನ್ನ ಒಂದೊಂದು ಮಾತೂ ನೆನಪಾಗಿ ಅವನು ನಾಚಿಕೆಯಿಂದ ತಲೆ ತಗ್ಗಿಸಿದ.

"ನಾಳೇನೇ ಸ್ಟೂಲು ತರಿಸ್ತೀನಿ. ನೀನು ಬಾ ಅಕ್ಕಾ."

"ಮೊದಲು ಅವರು ಕೂರಲಿ. ಆಮೇಲೆ ನನ್ನ ಕರಿ."

ಬೆಳಿಗ್ಗೆ ಬಟ್ಟೆ ಮಡಚುವ ಕೋಣೆಗೆ ಸ್ಟೂಲುಗಳು ಬಂದವು. "ಕೂತ್ಕೊಳ್ಳಿ" ಎಂದ. ಯಾರೂ ಕೂರಲಿಲ್ಲ. ಸೂಪರ್‌ವೈಸರ್ ಯಜಮಾನನ ಕಾಲನ್ನೇ ನೋಡುತ್ತಿದ್ದ. ಓಹೋ, ನಾನು ನಿಂತಿದ್ದೇನಲ್ಲ ಎಂದು ಹೊಳೆದು ಒಂದು ಸ್ಟೂಲು ಎಳೆದುಕೊಂಡು ತಾನೇ ಕೂತ. ಕೆಲಸ ಇನ್ನೂ ಕೆಟ್ಟಿತು. ಯಜಮಾನ ಕೂತದ್ದೇ ತಡ, ಎಲ್ಲರೂ ಕೈಕಟ್ಟಿ ನೆಟ್ಟಗೆ ನಿಂತರು. ಬಸುರಿ ಹುಡುಗಿ ಮೇಜಿಗೆ ಒರಗಿಸಿದ್ದ ಸೊಂಟವನ್ನೂ ಬಿಡಿಸಿಕೊಂಡಳು.

"ಕೂತ್ಕೊಳ್ರೀ ಅಂದ್ನಲ್ಲ!" ಎಂದು ಗದರಿ, ಕೂಡಲೇ ನಾಲಿಗೆ ಕಚ್ಚಿಕೊಂಡ.

"ಪರವಾಗಿಲ್ಲ ಸಾರ್, ಅಭ್ಯಾಸ ಆಗಿದೆ," ಎಂದಳು ಆ ಹುಡುಗಿ.

ಅವನು ಎದ್ದು ಹೊರಗೆ ಹೋಗಿ ಬಾಗಿಲೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಒಳಗೆ ಸ್ಟೂಲುಗಳನ್ನು ಎಳೆಯುವ ಸದ್ದು ಕೇಳಿಸಿತು. ಯಾರೋ "ಅಮ್ಮಾ" ಎಂದು ಉಸಿರುಬಿಟ್ಟರು, ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ಆ ಕೋಣೆಯಲ್ಲಿ ಅವರು ನಕ್ಕಿದ್ದನ್ನು ಅವನು ಎಂದೂ ಕೇಳಿರಲಿಲ್ಲ. ಅಲ್ಲೇ ಬಾಗಿಲ ಬಳಿಯಿಂದ ಅಕ್ಕನಿಗೆ ಫೋನು ಮಾಡಿದ.

"ಕೂತ್ರು ಅಕ್ಕಾ. ಎಲ್ಲರೂ ಕೂತ್ರು. ಇನ್ನು ಬಾ."

"ನಿನ್ನ ಎದುರಿಗೇ ಕೂತ್ರಾ?"

ಹೌದೆನ್ನುವ ಆಸೆಯಿಂದ ಅವನು ಬಾಗಿಲ ಹಿಡಿಕೆ ತಿರುಗಿಸಿದ. ಒಳಗೆ ನಗು ತಟ್ಟನೆ ನಿಂತು, ಸ್ಟೂಲುಗಳೆಲ್ಲ ದಡಬಡನೆ ಹಿಂದೆ ಸರಿದವು. ಫೋನಿನಲ್ಲಿ ಅದು ಕೇಳಿಸಿರಬೇಕು. ಅಕ್ಕ ಫೋನು ಇಟ್ಟಳು.